ಹಂದರದ ಹೊರಗಿನ ಸನಾದಿ

ಕಳೆದ ಮಾಘಮಾಸದಲ್ಲಿ ಶಹಾಪುರದ ಸಮೀಪದ ಗ್ರಾಮವೊಂದರ ವಿವಾಹಕ್ಕೆ ನಾವು ಹೋಗಿದ್ದೆವು. ಅಕ್ಷತೆಗೆ ಇನ್ನೂ ಸಮಯವಿತ್ತು. ಹಂದರದ ಹೊರಗೆ, ಪಾದರಕ್ಷೆಗಳ ರಾಶಿಯ ಪಕ್ಕದಲ್ಲಿ ಭಜಂತ್ರಿಯವರು ಕುಳಿತಿದ್ದರು. ವೃದ್ಧರಾದ ಸನಾದಿವಾದಕರೊಬ್ಬರು ವಾದ್ಯದ ಪೀಪಿಯನ್ನು ನಾಲಗೆಯ ಮೇಲಿಟ್ಟು ನೆನೆಸುತ್ತಿದ್ದರು. ತಮಗೆ ಮೆಚ್ಚಿನ ರಾಗ ಯಾವುದೆಂದು ಕೇಳಿದೆವು. ಅವರು ಕ್ಷಣಕಾಲ ನಮ್ಮನ್ನೇ ದಿಟ್ಟಿಸಿದರು.

“ಇಷ್ಟು ವರ್ಷದಾಗ ಇದನ್ನ ಕೇಳಿದವರು ನೀವೇ ಮೊದಲು ನೋಡ್ರಿ, ಅಯ್ಯನೋರೆ. ಮಂದಿ ಸಿನಿಮಾ ಹಾಡು ಕೇಳ್ತಾರ. ನನಗ ಭೀಮಪಲಾಸಿ.”

ಅದನ್ನು ನುಡಿಸಲೆಂದು ಅವರು ಸನಾದಿಯನ್ನು ತುಟಿಗಿಡುವಷ್ಟರಲ್ಲಿ ಮನೆಯ ತರುಣರು ಧ್ವನಿವರ್ಧಕ ಹಚ್ಚಿದರು. ನಾವೂ ಏನೊಂದನ್ನೂ ಹೇಳದೆ ಒಳಗೆ ಹೋಗಿ ಕುಳಿತೆವು. ಆ ಮೌನವೇ ಈ ತಿಂಗಳ ಲೇಖನಕ್ಕೆ ಕಾರಣ.

ಶರಣಬಂಧುಗಳೇ, ಸನಾದಿಯೆಂಬುದು ಸುಲಭದ ವಿದ್ಯೆಯಲ್ಲ. ಮರದ ಕೊಳವೆ, ತುದಿಯಲ್ಲಿ ಲೋಹದ ಬಾಯಿ. ಆದರೆ ಜೀವವಿರುವುದು ಎರಡು ಪದರದ ಆ ಚಿಕ್ಕ ಪೀಪಿಯಲ್ಲಿ. ಜೊತೆಗಾರನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ, ಶ್ರುತಿ ಕಡಿಯದಂತೆ ಹಿಡಿದಿರಬೇಕು. ಪಾಶ್ಚಾತ್ಯರ ಓಬೋ ಎಂಬ ವಾದ್ಯವೂ ಇದೇ ಕುಲದ್ದು. ಅದನ್ನು ನುಡಿಸುವವರು ಪೀಪಿಯನ್ನು ತಾವೇ ಹೆರೆದು ಹದಗೊಳಿಸುವುದರಲ್ಲಿ ದಿನದ ಎಷ್ಟೋ ಹೊತ್ತನ್ನು ಕಳೆಯುತ್ತಾರೆ. ಅಲ್ಲಿಯ ಮಹಾವಾದ್ಯವೃಂದದಲ್ಲಿ ಪಿಟೀಲಿನವರಾದಿಯಾಗಿ ಸರ್ವರೂ ಓಬೋ ಹೊರಡಿಸಿದ ಒಂದು ಸ್ವರಕ್ಕೆ ತಮ್ಮ ಶ್ರುತಿಯನ್ನು ಕೂಡಿಸಿಕೊಳ್ಳುವುದು ವಾಡಿಕೆ. ನಮ್ಮಲ್ಲಿ ಅದೇ ಕುಲದ ವಾದ್ಯಕ್ಕೆ ಪಾದರಕ್ಷೆಗಳ ನೆರೆ.

1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರವನ್ನು ಹಿರಿಯ ಓದುಗರು ಮರೆತಿರಲಾರರು. ರಾಜಕುಮಾರ್ ಅವರ ಆ ಪಾತ್ರಕ್ಕೆ ಸನಾದಿಯ ನಾದವನ್ನಿತ್ತವರು ಉಸ್ತಾದ್ ಬಿಸ್ಮಿಲ್ಲಾ ಖಾನರು. 2001ರಲ್ಲಿ ಅವರಿಗೆ ಭಾರತರತ್ನ ಸಂದಿತು. ಅವರ ಶಿಷ್ಯರಾದ, ಕನ್ನಡ ನಾಡಿನ ಭಜಂತ್ರಿ ಮನೆತನದ ಪಂಡಿತ ಎಸ್. ಬಾಳೇಶ್ ಅವರು ಚೆನ್ನೈಯಲ್ಲಿ ನೆಲೆಸಿ, ಚಲನಚಿತ್ರಗಳ ವಾದ್ಯಗೋಷ್ಠಿಯಲ್ಲಿ ನುಡಿಸುವುದನ್ನೇ ವೃತ್ತಿಯಾಗಿಸಿಕೊಂಡರೂ ಹಿಂದೂಸ್ತಾನಿ ಕಛೇರಿಯನ್ನು ಕೈಬಿಡಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ, ಅದೇ ಗೌರವ, ಕ್ಲಾರಿನೆಟ್ ವಾದಕ ಎ.ಕೆ.ಸಿ. ನಟರಾಜನ್ ಅವರಿಗೂ ಸಂದಿತು. ಊದುವ ವಾದ್ಯಗಳಿಗೆ ಅದು ಸುಗ್ಗಿಯ ವರ್ಷವೆನ್ನಬೇಕು.

ಚಿತ್ರಮಂದಿರದ ಅಪ್ಪಣ್ಣನಿಗಾಗಿ ಕಣ್ಣೀರು ಸುರಿಸಿದ ನಾವೇ ಹಂದರದ ಅಪ್ಪಣ್ಣನಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿಸುತ್ತೇವೆ. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನವರನ್ನು ಶರಣರ ಗೋಷ್ಠಿಯ ಒಳಗೆ ಕುಳ್ಳಿರಿಸಿದ ಪರಂಪರೆ ನಮ್ಮದು. ವಾದ್ಯದ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಕಾಯಕದ ಮಾತನ್ನು ವೇದಿಕೆಯ ಮೇಲೆ ಆಡುವವರು—ನಮ್ಮನ್ನೂ ಸೇರಿಸಿ—ಪಲ್ಲಕ್ಕಿಯ ಮುಂದೆ ಬಿಸಿಲಲ್ಲಿ ಊದುವವನಿಗೆ ಕೊಡುವ ಸಂಭಾವನೆ ಎಷ್ಟು? ಡಿಜೆಯವನಿಗೆ ಮುಂಗಡ, ಇವನಿಗೆ ಮಾತ್ರ ಚೌಕಾಸಿ.

ಬರುವ ವೈಶಾಖದಲ್ಲಿ ಸುರಪುರದಲ್ಲಿ ನಮ್ಮ ತಮ್ಮನ ಮಗಳ ವಿವಾಹವಿದೆ. ಸನಾದಿಯವರಿಗೆ ಹಂದರದ ಒಳಗೇ ಜಮಖಾನ ಹಾಸಬೇಕೆಂದು ಹೇಳಿದ್ದೇವೆ. ಭೀಮಪಲಾಸಿಗೆ ಒಪ್ಪುವಂತೆ ಮಧ್ಯಾಹ್ನದ ಹೊತ್ತನ್ನೂ ಕಾಯ್ದಿರಿಸಿದ್ದೇವೆ. ಶಹಾಪುರದ ಕಡೆಯ ಆ ವೃದ್ಧರಿಗೆ ಹೇಳಿ ಕಳುಹಿಸಿದಾಗ ಬಂದ ಉತ್ತರವಿಷ್ಟು: ಬರಲು ಅಡ್ಡಿಯಿಲ್ಲ, ಆದರೆ ಶ್ರುತಿ ಹಿಡಿಯುವ ಜೊತೆಗಾರ ತೀರಿಕೊಂಡಿದ್ದಾನೆ, ಮೊಮ್ಮಗ ಯಾದಗಿರಿಯಲ್ಲಿ ಆಟೋ ನಡೆಸುತ್ತಾನೆ, ಅವನನ್ನು ಕೇಳಿ ತಿಳಿಸುತ್ತೇನೆ.