ಬರೆಯುವ ಲೇಖನಿ

ಸಂಗ್ರಹಿಸುವ ಹವ್ಯಾಸವು ಮನುಷ್ಯನಿಗೆ ಎಳೆಯ ವಯಸ್ಸಿನಲ್ಲಿಯೇ ಅಂಟಿಕೊಳ್ಳುತ್ತದೆ. ಬಾಲಕನು ಹಳ್ಳದ ದಂಡೆಯಲ್ಲಿ ಬಣ್ಣದ ಹರಳುಗಳನ್ನು ಆಯ್ದು ಕಿಸೆ ತುಂಬಿಕೊಳ್ಳುತ್ತಾನೆ. ಬೆಳೆದ ಮೇಲೆ ಅವನೇ ಅಂಚೆಯ ಚೀಟಿಗಳನ್ನೋ ಹಳೆಯ ನಾಣ್ಯಗಳನ್ನೋ ಕೂಡಿಡತೊಡಗುತ್ತಾನೆ. ನಾನು ಕೂಡಿಟ್ಟದ್ದು ಹಳೆಯ ಮಸಿ ಲೇಖನಿಗಳನ್ನು. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಕಲಿಸುತ್ತ, ಗದಗಿನ ಸಂತೆಯಲ್ಲಿ, ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ, ಗೆಳೆಯರ ಮನೆಯ ಅಟ್ಟಗಳಲ್ಲಿ ಹುಡುಕಿ ತಂದ ಲೇಖನಿಗಳು ಇಂದು ನಲವತ್ತನ್ನು ದಾಟಿವೆ.

ಅವುಗಳನ್ನು ನೋಡಲು ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, ‘ಇವುಗಳಿಗೆ ಈಗ ಎಷ್ಟು ಬೆಲೆ ಬರುತ್ತದೆ?’ ಎಂಬುದು. ಎರಡನೆಯದು, ‘ಇವು ಇನ್ನೂ ಬರೆಯುತ್ತವೆಯೆ?’ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯ ಪ್ರಶ್ನೆಯೆದುರು ನಾನು ಬಹುಕಾಲ ತಲೆ ತಗ್ಗಿಸಬೇಕಾಗಿತ್ತು. ಬರೆಯದ ಲೇಖನಿಯನ್ನು ಕಾಪಾಡುವುದರಲ್ಲಿ ಅರ್ಥವೇನು ಎಂಬ ಈ ಮಾತನ್ನು ಕುರಿತೇ ನಾನು ಇಲ್ಲಿ ಒಂದೆರಡು ವಿಚಾರಗಳನ್ನು ಹೇಳಬಯಸುತ್ತೇನೆ.

ಲೇಖನಿಯ ಕಥೆ ದೀರ್ಘವಾದುದು. ನಮ್ಮ ಹಿರಿಯರು ತಾಡವೋಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು ಬರೆಯುತ್ತಿದ್ದರು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನು, ಒಮ್ಮೆ ಇಟ್ಟ ಪದವನ್ನು ಮತ್ತೆ ಅಳಿಸದಿರುವುದನ್ನೇ ತನ್ನ ಹಿರಿಮೆಯೆಂದು ಹೇಳಿಕೊಂಡಿದ್ದಾನೆ. ಓಲೆಯ ಮೇಲೆ ಕೊರೆದ ಗೆರೆ ಅಳಿಯುವಂಥದಲ್ಲ. ಆದುದರಿಂದ ಬರೆಯುವವನು ಬರೆಯುವ ಮುನ್ನವೇ ಯೋಚಿಸಬೇಕಾಗಿತ್ತು. ಓಲೆ ಹೋಗಿ ಕಾಗದ ಬಂದಿತು. ಕಂಠ ಹೋಗಿ ಜೊಂಡಿನ ಕಡ್ಡಿ, ಹಕ್ಕಿಯ ಗರಿ, ಉಕ್ಕಿನ ನಿಬ್ಬು ಬಂದವು. ಇವೆಲ್ಲವನ್ನೂ ಒಂದೆರಡು ಸಾಲಿಗೊಮ್ಮೆ ದೌತಿಯಲ್ಲಿ ಅದ್ದಲೇಬೇಕಾಗಿತ್ತು.

ತನ್ನ ಒಡಲಲ್ಲಿಯೇ ಮಸಿಯನ್ನು ಹೊತ್ತು ನಡೆಯುವ ಲೇಖನಿಯನ್ನು ಮಾಡಲು ಅನೇಕರು ಯತ್ನಿಸಿದರು. ಅಮೆರಿಕದ ಲೂಯಿ ವಾಟರ್‌ಮನ್ ಎಂಬಾತನು 1884ರಲ್ಲಿ ಹಕ್ಕುಪತ್ರ ಪಡೆದ ಲೇಖನಿಯಿಂದ ಈ ಪ್ರಯತ್ನವು ನೆಲೆಗೊಂಡಿತು. ಇದರ ಗುಟ್ಟು ಸರಳವಾದುದು. ನಿಬ್ಬಿನ ಕೆಳಗೆ ನಾಲಿಗೆಯಂತೆ ಚಾಚಿರುವ ಒಂದು ತುಂಡು ಉಂಟು. ಅದರಲ್ಲಿ ಕೂದಲೆಳೆಯಂಥ ಕಿರುಗಾಲುವೆಗಳನ್ನು ಕೊರೆದಿರುತ್ತಾರೆ. ಬರೆದಂತೆ ಮಸಿ ಈ ಕಾಲುವೆಗಳ ಮೂಲಕ ಇಳಿಯುತ್ತದೆ. ಇಳಿದ ಮಸಿಯ ಜಾಗವನ್ನು ತುಂಬಲು ಗಾಳಿ ಒಳಗೆ ಏರುತ್ತದೆ. ಗಾಳಿ ಏರದಿದ್ದರೆ ಮಸಿ ಇಳಿಯದು. ಗಾಳಿ ಮಿತಿಮೀರಿ ಏರಿದರೆ ಮಸಿ ಸುರಿದು ಕಾಗದ ಕೆಡುತ್ತದೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಇರುವ ಈ ಸಮತೋಲವೇ ಲೇಖನಿಯ ಪ್ರಾಣ.

ನಮ್ಮ ದೇಶದಲ್ಲಿಯೂ ಈ ಕಸುಬು ಬೇರೂರಿತು. ಮುಂಬಯಿಯಲ್ಲಿ ದಾಂಡೇಕರ ಸಹೋದರರು 1931ರಲ್ಲಿ ಕುದುರೆಯ ಗುರುತಿನ ಮಸಿಯ ಪುಡಿಯನ್ನೂ ಗುಳಿಗೆಗಳನ್ನೂ ತಯಾರಿಸತೊಡಗಿದರು. ಅದೇ ಮುಂದೆ ಕ್ಯಾಮ್ಲಿನ್ ಎಂಬ ಹೆಸರಿನಿಂದ ಮನೆಮಾತಾಯಿತು. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು 1932ರಲ್ಲಿ ಸ್ವದೇಶಿ ಲೇಖನಿಯ ತಯಾರಿಕೆಯನ್ನು ಆರಂಭಿಸಿದರು. ಅವರು ಕಳುಹಿದ ಲೇಖನಿಯ ವಿಷಯವಾಗಿ ಗಾಂಧೀಜಿಯವರು 1935ರಲ್ಲಿ ಪತ್ರ ಬರೆದು, ತಾವು ಅದನ್ನು ಬಳಸಿದುದಾಗಿಯೂ, ಪೇಟೆಯಲ್ಲಿ ಕಾಣುವ ವಿದೇಶಿ ಲೇಖನಿಗಳಿಗೆ ಅದು ಒಳ್ಳೆಯ ಬದಲಿಯೆಂದು ತೋರುವುದಾಗಿಯೂ ತಿಳಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಗಾಂಧೀಜಿ ಲೇಖನಿಯನ್ನು ನೋಡಿ ಹೊಗಳಲಿಲ್ಲ. ಬರೆದು ನೋಡಿ ಹೊಗಳಿದರು.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಹಳೆಯದು ನನ್ನ ತಂದೆಯವರ ಲೇಖನಿ. ಕಪ್ಪು ಎಬೊನೈಟಿನಿಂದ ಕಡೆದ, ಕತ್ತು ಬಿಚ್ಚಿ ಮಸಿ ಹೊಯ್ಯುವ ಸಾದಾ ಲೇಖನಿ ಅದು. ಗದುಗಿನಿಂದ ಕೆಲವೇ ಹರದಾರಿ ದೂರದ ಕಣಗಿನಹಾಳ ನಮ್ಮ ಊರು. ತಂದೆಯವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಕಸುಬು ಒಕ್ಕಲುತನ. ಊರಿನಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ, ಸಂಜೆ ನಮ್ಮ ಕಟ್ಟೆಯ ಮೇಲೆ ಯಾರಾದರೊಬ್ಬರು ಬಂದು ಕುಳಿತಿರುತ್ತಿದ್ದರು. ‘ಅಪ್ಪಾರ, ಒಂದ್ ಕಾಗದ ಬರದು ಕೊಡ್ರಿ’ ಎಂದು ಕೇಳುತ್ತಿದ್ದರು. ದಂಡಿನಲ್ಲಿದ್ದ ಮಗನಿಗೆ ಓಲೆ, ಕಚೇರಿಗೆ ಅರ್ಜಿ, ಬೆಳೆಸಾಲದ ಕಾಗದ, ಇವೆಲ್ಲವೂ ಆ ಲೇಖನಿಯಿಂದಲೇ ಹುಟ್ಟುತ್ತಿದ್ದವು. ತಂದೆಯವರು ಇದಕ್ಕಾಗಿ ಯಾರಿಂದಲೂ ಕಾಸು ಪಡೆದವರಲ್ಲ. ಬರೆದು ಮುಗಿದ ಮೇಲೆ ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಕೇಳಿದವನು ಹೌದೆಂದು ತಲೆಯಾಡಿಸಿದ ಮೇಲೆಯೇ ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿದ್ದರು. ‘ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಪಾಪ’ ಎಂಬುದು ಅವರ ಮಾತಾಗಿತ್ತು.

ಈ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ. ಹಿಂದಿನ ಮುಂಬಯಿ ಪ್ರಾಂತದ ರೈತನು ಸಾವುಕಾರನ ಲೇಖನಿಗೆ ಹೆದರಿದಷ್ಟು ಬರಗಾಲಕ್ಕೂ ಹೆದರುತ್ತಿರಲಿಲ್ಲವೆಂದರೆ ಅತಿಶಯವಾಗಲಾರದು. ಹತ್ತು ಕೊಟ್ಟು ಇಪ್ಪತ್ತೆಂದು ಬರೆದರೆ ಓದಿ ತಿಳಿಯುವವರಾರು? 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ, ಅವರ ಸಿಟ್ಟು ಮೊದಲು ತಿರುಗಿದ್ದು ಸಾಲದ ಪತ್ರಗಳ ಕಡೆಗೆ. ಅವುಗಳನ್ನು ಕಸಿದುಕೊಂಡು ಬೆಂಕಿಗೆ ಹಾಕಿದರು. ತಮ್ಮನ್ನು ಕಟ್ಟಿಹಾಕಿದ್ದು ಆ ಬರಹವೆಂಬುದು ಅವರಿಗೆ ತಿಳಿದಿತ್ತು. ಸರಕಾರವು 1879ರಲ್ಲಿ ರೈತರ ಪರಿಹಾರಕ್ಕೆಂದು ಒಂದು ಕಾಯಿದೆಯನ್ನು ತಂದಿತು. ಆದರೆ ಕಾಯಿದೆಯೊಂದರಿಂದಲೇ ಸಾಲದ ಹೊರೆ ಇಳಿಯುವಂತಿರಲಿಲ್ಲ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಮೊತ್ತಮೊದಲಿನ ಕೃಷಿ ಪತ್ತಿನ ಸಂಘಗಳ ಸಾಲಿನಲ್ಲಿ ಅದಕ್ಕೆ ಗೌರವದ ಸ್ಥಾನವುಂಟು. ಪಾಟೀಲರನ್ನು ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹರೆಂದು ಜನ ಸ್ಮರಿಸುತ್ತಾರೆ. ಅಂದಿನ ಕಾಯಿದೆಯಂತೆ ಹತ್ತು ಜನ ಸೇರಿದರೆ ಸಂಘವಾಗಬಹುದಾಗಿತ್ತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘದ ಸಾಲಕ್ಕೆ ಎಲ್ಲರೂ ಬಾಧ್ಯರು. ಹೀಗಿರುವಾಗ ಅಂಥ ಸಂಘವು ನಿಲ್ಲುವುದು ಯಾವುದರ ಮೇಲೆ? ಲೆಕ್ಕದ ಪುಸ್ತಕದ ಮೇಲೆ. ಕೀರ್ದಿಯಲ್ಲಿ ಬರೆದ ಪ್ರತಿಯೊಂದು ಅಂಕಿಯೂ ನಿಜವೆಂಬ ನಂಬಿಕೆಯ ಮೇಲೆ. ಸಾವುಕಾರನ ಕೈಯಲ್ಲಿ ಬಲೆಯಾಗಿದ್ದ ಬರಹವೇ ಸಂಘದ ಕೈಯಲ್ಲಿ ಬಿಡುಗಡೆಯ ಸಾಧನವಾಯಿತು. ಮಸಿ ಅದೇ, ಕಾಗದವೂ ಅದೇ. ಬರೆಯುವವನ ಹೊಣೆಗಾರಿಕೆ ಮಾತ್ರ ಬೇರೆ.

ಸಹಕಾರದ ಮಾತು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಗಡಿಗೆಯಲ್ಲಿ ಹಾಕಿ ನೆಲದಲ್ಲಿ ಹೂತಿಟ್ಟ ಹಣದಿಂದ ಇಟ್ಟವನಿಗೂ ಫಲವಿಲ್ಲ, ನೆರೆಯವನಿಗೂ ಫಲವಿಲ್ಲ. ಅದೇ ಹಣ ಸಂಘಕ್ಕೆ ಬಂದರೆ ಒಬ್ಬನ ಬಿತ್ತನೆಗೆ ಬೀಜವಾಗುತ್ತದೆ, ಇನ್ನೊಬ್ಬನಿಗೆ ಎತ್ತಾಗುತ್ತದೆ, ಸುಗ್ಗಿಯ ಮೇಲೆ ತಿರುಗಿ ಬರುತ್ತದೆ. ಈ ಪಾಠವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ನನ್ನ ಮನೆಯ ಕಪಾಟಿನಲ್ಲಿಯೇ ನಾನು ಒಂದು ಗಡಿಗೆಯನ್ನು ಹೂತಿಟ್ಟಿದ್ದೇನೆಂಬುದು ನನಗೆ ಹೊಳೆಯಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಅವರ ಲೇಖನಿಯನ್ನು ರೇಶಿಮೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟೆ. ಅದು ಗೌರವವೆಂದೇ ನನ್ನ ಭಾವನೆಯಾಗಿತ್ತು. ಹನ್ನೆರಡು ವರ್ಷಗಳ ಮೇಲೆ ತೆಗೆದು ನೋಡಿದರೆ ಒಳಗಿನ ಮಸಿ ಒಣಗಿ ಕರಿಯ ಹೆಪ್ಪಾಗಿತ್ತು. ಟೊಪ್ಪಿಗೆ ಬಿಚ್ಚಲು ಬಾರದು. ನಾಲಿಗೆಯ ಕಾಲುವೆಗಳು ಮುಚ್ಚಿಹೋಗಿದ್ದವು. ದಿನವೂ ಬರೆಯುತ್ತಿದ್ದಾಗ ದಶಕಗಳ ಕಾಲ ಕೆಡದಿದ್ದ ವಸ್ತು, ನಾನು ಕಾಪಾಡತೊಡಗಿದ ಮೇಲೆ ಕೆಟ್ಟಿತ್ತು. ಹುಬ್ಬಳ್ಳಿಯ ಬೀದಿಯೊಂದರಲ್ಲಿ ಲೇಖನಿಗಳನ್ನು ರಿಪೇರಿ ಮಾಡುತ್ತಿದ್ದ ಮುದುಕನೊಬ್ಬನ ಬಳಿಗೆ ಅದನ್ನು ಒಯ್ದೆ. ಆತನು ಎರಡು ದಿನ ತಣ್ಣೀರಿನಲ್ಲಿ ನೆನೆಯಿಟ್ಟು, ನಿಬ್ಬನ್ನು ಎಳೆದು, ಕಾಲುವೆಗಳನ್ನು ತೊಳೆದು ನನ್ನ ಕೈಗಿತ್ತನು. ‘ಮಾಸ್ತರ, ಇದಕ್ಕ ರೋಗ ಏನೂ ಇಲ್ಲ. ಬರೀದ ಇಟ್ಟೀರಿ, ಅದ ರೋಗ’ ಎಂದನು. ಯಾವ ಪಂಡಿತನ ಮಾತೂ ನನ್ನನ್ನು ಅಷ್ಟು ನಾಚಿಸಿರಲಿಲ್ಲ.

ಅಂದಿನಿಂದ ನಾನು ಒಂದು ನಿಯಮವನ್ನು ಮಾಡಿಕೊಂಡೆ. ನನ್ನ ಲೇಖನಿಗಳನ್ನು ನಮ್ಮ ಊರಿನ ಪ್ರೌಢಶಾಲೆಯ ಮಕ್ಕಳಿಗೆ ಕಡವಾಗಿ ಕೊಡತೊಡಗಿದೆ. ಇದಕ್ಕಾಗಿ ಒಂದು ದಫ್ತರವುಂಟು. ಅದರಲ್ಲಿ ಲೇಖನಿಯ ಗುರುತು, ಪಡೆದವರ ಹೆಸರು, ಒಯ್ದ ದಿನ, ಮರಳಿ ತಂದ ದಿನ ಎಂದು ನಾಲ್ಕು ಅಂಕಣಗಳಿವೆ. ಅವಧಿ ಮೂರು ತಿಂಗಳು. ಬಡ್ಡಿಯೂ ಉಂಟು, ಲೇಖನಿಯನ್ನು ಮರಳಿಸುವಾಗ ಅದರಿಂದಲೇ ಬರೆದ ಒಂದು ಪುಟವನ್ನು ತರಬೇಕು. ಅಜ್ಜಿ ಹೇಳಿದ ಕಥೆಯಾಗಬಹುದು, ಹೊಲದ ಕೆಲಸದ ವಿವರವಾಗಬಹುದು. ತಾವೇ ಬರೆದುದಾಗಿರಬೇಕು, ಅಷ್ಟೆ. ಹೀಗೆ ಬಂದ ಪುಟಗಳು ಈಗ ಲೇಖನಿಗಳಿಗಿಂತ ಹೆಚ್ಚಿನ ಜಾಗವನ್ನು ಹಿಡಿದಿವೆ.

ಒಮ್ಮೆ ತಂದೆಯವರ ಲೇಖನಿಯನ್ನೇ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಕೊಟ್ಟೆ. ತಿಂಗಳು ತುಂಬುವ ಮುನ್ನವೇ ಅವನು ಬಂದು ಬಾಗಿಲಲ್ಲಿ ನಿಂತನು. ‘ಸರ್, ಕೈಯಾಗಿಂದ ಜಾರಿ ಬಿತ್ರಿ. ನಿಬ್ಬು ಬಾಗೇತ್ರಿ’ ಎಂದು ಹೇಳುವಾಗ ಅವನ ದನಿ ನಡುಗುತ್ತಿತ್ತು. ನನಗೆ ಮನಸ್ಸಿನಲ್ಲಿ ಕೋಪವೂ ದುಃಖವೂ ಒಟ್ಟಿಗೆ ಉಕ್ಕಿದುದು ನಿಜ. ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂಬ ಯೋಚನೆಯೂ ಬಂದಿತು. ನಾನು ಮಾತನಾಡದೆ ದಫ್ತರವನ್ನು ಅವನ ಮುಂದಿಟ್ಟೆ. ಅವನು ತನ್ನ ಹೆಸರಿನ ಮುಂದೆ, ತನ್ನ ಕೈಯಿಂದಲೇ, ‘ನನ್ನಿಂದ ಬಿದ್ದು ನಿಬ್ಬು ಬಾಗಿದೆ’ ಎಂದು ಬರೆದು ಸಹಿ ಹಾಕಿದನು. ಯಾರೂ ಕಾಣದಿರುವಾಗ ಆದ ತಪ್ಪನ್ನು ಅವನು ಮರೆಮಾಚಬಹುದಾಗಿತ್ತು. ಆ ಒಂದು ಸಾಲನ್ನು ಓದಿದ ಮೇಲೆ ನನ್ನ ಕೋಪ ಇಳಿಯಿತು. ತಂದೆಯವರ ಲೇಖನಿ ಕಲಿಸಬೇಕಾದುದನ್ನು ಕಲಿಸಿಯೇ ಹಿಂತಿರುಗಿತ್ತು. ನಿಬ್ಬನ್ನು ಬದಲಾಯಿಸಿದೆ, ಬಾಗಿದ ಹಳೆಯ ನಿಬ್ಬು ದಫ್ತರದ ಆ ಪುಟದಲ್ಲಿಯೇ ಇದೆ.

ಇದಕ್ಕೆ ಕೆಲವರು ಆಕ್ಷೇಪಣೆ ಎತ್ತುತ್ತಾರೆ. ಅಪೂರ್ವವಾದ ವಸ್ತುಗಳನ್ನು ಮಕ್ಕಳ ಕೈಗೆ ಕೊಡುವುದು ವಿವೇಕವೆ ಎಂಬುದು ಅವರ ಪ್ರಶ್ನೆ. ಅದರಲ್ಲಿ ಸತ್ಯಾಂಶವಿದೆ. ಚರಿತ್ರೆಯ ಸಾಕ್ಷಿಯಾಗಿ ಉಳಿಯಬೇಕಾದ ಲೇಖನಿ ಸಂಗ್ರಹಾಲಯದಲ್ಲಿಯೇ ಇರಲಿ. ಸೀಳುಬಿಟ್ಟ, ಮುಟ್ಟಿದರೆ ಮುರಿಯುವ ಲೇಖನಿ ವಿಶ್ರಾಂತಿ ಪಡೆಯಲಿ. ಆದರೆ ನಮ್ಮ ಸಂಗ್ರಹಗಳಲ್ಲಿ ಅಂಥವು ಕೆಲವೇ. ಉಳಿದವು ನಮ್ಮ ನಿಮ್ಮಂಥವರು ಬರೆಯಲೆಂದೇ ಮಾಡಿದವು. ಅವುಗಳಿಗೆ ಬೇಕಾದ ಆರೈಕೆಯೂ ಅಲ್ಪವೇ. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರಿನಿಂದ ಎಬೊನೈಟಿನ ಬಣ್ಣ ಕೆಡುತ್ತದೆ. ಚಿತ್ರ ಬರೆಯುವ ಗಟ್ಟಿ ಮಸಿಯನ್ನು ತುಂಬಬಾರದು. ಬರೆಯದಿರುವ ದಿನಗಳಲ್ಲಿ ಮಸಿಯನ್ನು ತೆಗೆದಿಡಬೇಕು.

ಇನ್ನು ಕೆಲವರು, ಬಾಲ್‌ಪೆನ್ನೂ ಗಣಕಯಂತ್ರವೂ ಇರುವಾಗ ಈ ತೊಡಕೇಕೆ ಎನ್ನುತ್ತಾರೆ. ನಾನು ಅವುಗಳ ಹಗೆಯಲ್ಲ. ಹಂಗೇರಿಯ ಬೀರೊ ಎಂಬಾತನು 1938ರಲ್ಲಿ ಹಕ್ಕುಪತ್ರ ಪಡೆದ ಬಾಲ್‌ಪೆನ್ನು ಮುಂದೆ ಅಗ್ಗವಾಗಿ, ಬಡವರ ಮಕ್ಕಳ ಕೈಗೂ ಬರವಣಿಗೆಯನ್ನು ತಲುಪಿಸಿತು. ಅದರ ಉಪಕಾರವನ್ನು ಮರೆಯುವವನು ಶಿಕ್ಷಕನೇ ಅಲ್ಲ. ಆದರೆ ಮಸಿ ಮುಗಿದೊಡನೆ ಎಸೆಯುವ ವಸ್ತುವಿನೊಡನೆ ನಮಗೆ ನಂಟು ಬೆಳೆಯುವುದಿಲ್ಲ. ಗುಂಡಿಯೊತ್ತಿ ಅಳಿಸಬಹುದಾದ ಮಾತನ್ನು ಬರೆಯುವಾಗ ಕೈ ತಡೆಯುವುದೂ ಇಲ್ಲ. ಮಸಿ ಲೇಖನಿ ತೊಳೆಯುವುದನ್ನು ಕಲಿಸುತ್ತದೆ, ತುಂಬುವುದನ್ನು ಕಲಿಸುತ್ತದೆ, ಒಣಗುವವರೆಗೆ ಕಾಯುವುದನ್ನು ಕಲಿಸುತ್ತದೆ. ಬರೆಯುವ ಮುನ್ನ ಒಂದು ಗಳಿಗೆ ಯೋಚಿಸುವುದನ್ನೂ ಕಲಿಸುತ್ತದೆ.

ಆದುದರಿಂದ, ನಿಮ್ಮ ಮನೆಯ ಮಾಡದಲ್ಲಿಯೋ ಅಜ್ಜನ ಟ್ರಂಕಿನಲ್ಲಿಯೋ ಹಳೆಯ ಲೇಖನಿಯೊಂದು ಬಿದ್ದಿದ್ದರೆ ಅದರ ಬೆಲೆಯನ್ನು ವಿಚಾರಿಸುವ ಮೊದಲು ಅದನ್ನು ತೊಳೆಯಿರಿ. ಮಸಿ ತುಂಬಿ ಒಂದು ಸಾಲು ಬರೆಯಿರಿ. ಆ ಸಾಲು ನಿಜವಾಗಿರಲಿ. ಅದರ ಕೆಳಗೆ ನಿಮ್ಮ ಹೆಸರನ್ನು ಬರೆಯಲು ನೀವು ಅಂಜುವಂತಿರಬಾರದು. ಹಿರಿಯರ ಲೇಖನಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.

ತಂದೆಯವರ ಲೇಖನಿ ಈಗ ನನ್ನ ಮನೆಯಲ್ಲಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಳೆದ ವಾರ ಅದನ್ನು ಒಯ್ದಿದ್ದಾಳೆ. ಅವಳ ಅಜ್ಜ ನಮ್ಮ ಕಟ್ಟೆಯ ಮೇಲೆ ಕುಳಿತು ಕಾಗದ ಬರೆಸಿಕೊಂಡವರಲ್ಲಿ ಒಬ್ಬರು, ಹೆಬ್ಬೆಟ್ಟು ಒತ್ತಿದವರು. ದಫ್ತರದಲ್ಲಿ ಮೊಮ್ಮಗಳ ಸಹಿ ಸ್ಪಷ್ಟವಾಗಿದೆ. ಮರಳಿ ತಂದ ದಿನದ ಅಂಕಣ ಇನ್ನೂ ಖಾಲಿಯಿದೆ.