ಕೀಲಿಕೈ ಮಾಷ್ಟ್ರಿಗೆ, ಬಾಡಿಗೆ ನಿಮಗೆ!

ಕಾಸರಗೋಡಿನ ನಮ್ಮ ಕನ್ನಡ ಮನೆಗಳ ಕತೆ ಈಗ ಹೆಚ್ಚುಕಡಿಮೆ ಒಂದೇ. ಮಕ್ಕಳು ಬೆಂಗಳೂರು, ಗಲ್ಫ್ ಎಂದು ಹೊರಟರು, ಮನೆ ಬಾಡಿಗೆಗೆ ಹೋಯಿತು. ಕೀಲಿಕೈ ಮಾತ್ರ ಪಕ್ಕದ ಮಾಷ್ಟ್ರ ಕೈಯಲ್ಲಿ! ಪಂಪು ಕೆಟ್ಟರೆ ಮಾಷ್ಟ್ರು, ಜೂನ್ ಮಳೆಗೆ ಹಂಚು ಸೋರಿದರೆ ಮಾಷ್ಟ್ರು, ಬಾಡಿಗೆ ಬಾಕಿಯಾದರೆ ನಿಷ್ಠುರವೂ ಮಾಷ್ಟ್ರಿಗೇ. ಇದು ನೆರೆಹೊರೆಯಲ್ಲ, ಬಿಟ್ಟಿ ಚಾಕರಿ ಎನ್ನುತ್ತೇವೆ ನಾವು.

"ನೋಡಿಕೊಳ್ಳುವವನಿಗೆ ದುಡ್ಡು ಕೊಡುವುದು ದಂಡ" ಎನ್ನುತ್ತೀರಿ. ಲೆಕ್ಕ ಹಾಕಿ ನೋಡಿ. ಬಾಡಿಗೆ 8,000 ರೂಪಾಯಿ, ಕೂಲಿ ನೂರಕ್ಕೆ 10 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 800 ಆಯಿತು. ಒಂದು ನಲ್ಲಿ ರಿಪೇರಿಗೆಂದು ಬೆಂಗಳೂರಿನಿಂದ ರಜೆ ಹಾಕಿ ಬಂದುಹೋಗಲು ಎಷ್ಟು?

ಎಲ್ಲರಿಗೂ ಜನ ಬೇಕೆಂದಲ್ಲ. ಮಂಗಳೂರಿನಲ್ಲಿದ್ದೀರಾ? ಸುಮಾರು 50 ಕಿಲೋಮೀಟರ್. ಒಂದೇ ಮನೆ, ಗುರುತಿನ ಬಾಡಿಗೆದಾರ ಎಂದಾದರೆ ನೀವೇ ಸಾಕು. ಆದರೆ ಕರೆದ ದಿನವೇ ಬರಲಾಗದಿದ್ದರೆ, ಮನೆ ಎರಡಾದರೆ, ಕೀಲಿಕೈ ಹಿಡಿದವರು ಮೆಟ್ಟಿಲು ಹತ್ತಲಾರದ ಅಮ್ಮನಾದರೆ ಇನ್ನು ತಡ ಮಾಡಬೇಡಿ. ಗಲ್ಫಿನಲ್ಲಿರುವವರು ಬಾಡಿಗೆದಾರ ಒಳಗೆ ಬರುವ ಮೊದಲೇ ಜನ ಗೊತ್ತುಮಾಡಬೇಕು.

ಎರಡು ಮಾತು ಮರೆಯಬೇಡಿ. ಮನೆ ಹುಡುಕಿಕೊಟ್ಟು ಕಮಿಷನ್ ಪಡೆಯುವ ಬ್ರೋಕರ್ ಬೇರೆ, ತಿಂಗಳು ತಿಂಗಳು ನೋಡಿಕೊಳ್ಳುವವನು ಬೇರೆ. ಇನ್ನು, ಬಾಡಿಗೆ ವಸೂಲಿಗೆ ಅಧಿಕಾರ ಕೊಡಿ, ಮಾರುವ ಅಧಿಕಾರವಿರುವ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಬೇಡಿ.

ಕರಾರು ಮಲಯಾಳದಲ್ಲಿದ್ದರೆ ಕನ್ನಡ ಪ್ರತಿ ಕೇಳಿ. ಸರಕಾರಕ್ಕೇ ಕನ್ನಡದಲ್ಲಿ ಬರೆಯುವ ಅವಕಾಶವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಹಾಗಿರುವಾಗ ನಾವೇ ದುಡ್ಡು ಕೊಡುವವನಲ್ಲಿ ಕನ್ನಡ ಕೇಳಲು ನಾಚಿಕೆ ಯಾಕೆ ಮಾರಾಯ್ರೇ?

ನಮಗೇಕೆ ಈ ಉಸಾಬರಿ ಎಂದೀರಿ. ನೋಡಿಕೊಳ್ಳುವವರು ಸೋತಾಗ ನಿಮ್ಮ ಬಾಯಲ್ಲಿ ಬರುವ ಮಾತು ಒಂದೇ: "ಮಾರಿಬಿಡುವ, ಯಾರಿಗೆ ಬೇಕು ಈ ರಗಳೆ!" ಮನೆ ಹೋದರೆ ಬೇಸಗೆ ರಜೆಗೆ ಬರಲು ಊರಿಲ್ಲ, ಕಲಿತ ಕನ್ನಡ ಶಾಲೆಯ ಕಡೆ ಕಾಲಿಡಲು ನೆಪವೂ ಇಲ್ಲ. ಗಡಿಯಲ್ಲಿ ಕನ್ನಡ ಉಳಿಯಲಿ ಎಂದು ಭಾಷಣ ಮಾಡುವವರು ಮೊದಲು ಅಪ್ಪ ಕಟ್ಟಿಸಿದ ಮನೆಗೆ ತಿಂಗಳಿಗೆ 800 ಖರ್ಚು ಮಾಡಲಿ. ಮಾಷ್ಟ್ರು ಮಕ್ಕಳಿಗೆ ಪಾಠ ಹೇಳಲಿ.