ಸದ್ದಿಗೆ ದಂಡ ಹಾಕಿ, ಕಸುಬಿಗೆ ಬೇಡ

ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹರಿಸುವುದು ನಮ್ಮ ರಾಜ್ಯದ ಹಲವು ಊರುಗಳಲ್ಲಿ ನಡೆದಿದೆ. ಜನ ಅದನ್ನು ಮೆಚ್ಚಿದ್ದಾರೆ, ನಾನೂ ಮೆಚ್ಚುತ್ತೇನೆ. ನಡುರಾತ್ರಿ ಆಸ್ಪತ್ರೆಯ ಮುಂದೆ ಕಿವಿ ಹರಿಯುವಂತೆ ಬೈಕ್ ಓಡಿಸುವವನ ಪರವಾಗಿ ಆಡುವುದಕ್ಕೆ ನನ್ನಲ್ಲಿ ಒಂದು ಮಾತೂ ಇಲ್ಲ. ಆದರೆ ಅದೇ ಬಲೆಗೆ ಇನ್ನೊಬ್ಬನೂ ಬೀಳುತ್ತಿದ್ದಾನೆ. ಹಳೆಯ ಬೈಕನ್ನು ಗುಜರಿಗೆ ಕೊಡದೆ, ಅದಕ್ಕೆ ಮುಂದಿನ ಚಕ್ರ ಹಿಡಿಯುವ ಗಟ್ಟಿ ಫೋರ್ಕು, ಒಳ್ಳೆಯ ಬ್ರೇಕು, ಅಗಲವಾದ ಹ್ಯಾಂಡಲ್ ಕೂಡಿಸಿ ಸ್ಟ್ರೀಟ್‌ಫೈಟರ್ ಕಟ್ಟಿಕೊಂಡವನು ಅವನು. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ. ಇದರಿಂದ ಒಬ್ಬ ಕಸುಬುದಾರನಿಗೆ ಅನ್ಯಾಯವಾಗುತ್ತಿದೆ, ರಸ್ತೆಯಲ್ಲಿ ಓಡಾಡುವ ನಮ್ಮೆಲ್ಲರ ಸುರಕ್ಷತೆಗೂ ಏಟು ಬೀಳುತ್ತಿದೆ.

ಸ್ಟ್ರೀಟ್‌ಫೈಟರ್ ಎಂಬುದು ಪುಂಡಾಟದ ಇನ್ನೊಂದು ಹೆಸರಲ್ಲ. 1980ರ ದಶಕದ ಬ್ರಿಟನ್ನಿನಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್‌ನಂಥ ರೇಸ್ ಮಾದರಿಯ ಬೈಕುಗಳು ಸಾಮಾನ್ಯರ ಕೈಗೆ ಬಂದವು. ಬಿದ್ದಾಗ ಮೊದಲು ಒಡೆಯುತ್ತಿದ್ದುದು ಅವುಗಳ ಹೊರಹೊದಿಕೆ, ಅಂದರೆ ಫೇರಿಂಗ್. ಹೊಸದನ್ನು ಕೊಳ್ಳುವಷ್ಟು ದುಡ್ಡಿಲ್ಲದವರು ಒಡೆದದ್ದನ್ನು ಬಿಚ್ಚಿ ಹಾಕಿದರು, ನೇರ ಹ್ಯಾಂಡಲ್ ಮತ್ತು ಜೋಡಿ ದುಂಡು ಹೆಡ್‌ಲೈಟ್ ಕೂರಿಸಿದರು. ಹಳೆಯ ಬೈಕುಗಳಿಗೆ ಹೊಸ ಬೈಕುಗಳ ಫೋರ್ಕು, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್‌ಆರ್ಮ್, ಡಿಸ್ಕ್ ಬ್ರೇಕುಗಳು ಬಂದವು. ಕಂಪನಿಗಳು ಆ ಗ್ಯಾರೇಜುಗಳಿಂದ ಕಲಿತವು. 1997ರಲ್ಲಿ ಟ್ರಯಂಫ್ ಕಂಪನಿ ತನ್ನ ಸ್ಪೀಡ್ ಟ್ರಿಪಲ್‌ಗೆ ಅದೇ ಜೋಡಿ ದೀಪದ ಬೋಳು ರೂಪ ಕೊಟ್ಟಿತು. 2009ರಲ್ಲಿ ಡುಕಾಟಿ ತನ್ನ ಬೈಕೊಂದಕ್ಕೆ ಸ್ಟ್ರೀಟ್‌ಫೈಟರ್ ಎಂದೇ ಹೆಸರಿಟ್ಟು ಶೋರೂಮಿನಲ್ಲಿ ಮಾರಿತು.

ಇಲ್ಲಿನ ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ 182ಎ ಸೆಕ್ಷನ್ ತಂದಿತು. ಕಾಯ್ದೆ ಒಪ್ಪದ ರೀತಿಯಲ್ಲಿ ವಾಹನ ಬದಲಿಸಿದರೆ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಮೂಲದಲ್ಲಿ ಇದ್ದದ್ದೇ ಸುರಕ್ಷಿತ ಎಂಬ ನಂಬಿಕೆ ಈ ಕಾನೂನಿನ ತಳಪಾಯ. ಹಳೆಯ ಬೈಕುಗಳ ಮಟ್ಟಿಗೆ ಆ ತಳಪಾಯ ಟೊಳ್ಳು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜ್‌ದೂತ್ 350 ಬೈಕನ್ನು ಇಲ್ಲಿ ಮಾರಾಟಕ್ಕಿಟ್ಟಿತು. ಅದರ ಮೂಲವಾದ ಯಮಹಾ ಆರ್‌ಡಿ 350ಯ ಮುಂದಿನ ಚಕ್ರಕ್ಕೆ ಜಪಾನಿನಲ್ಲಿ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿಗೆ ಬರುವಾಗ ಡ್ರಮ್ ಬ್ರೇಕ್ ಆಯಿತು. ಎರಡು ಸಿಲಿಂಡರಿನ, ಸುಮಾರು 30 ಅಶ್ವಶಕ್ತಿಯ ಎಂಜಿನ್ನಿಗೆ ಆ ಬ್ರೇಕ್ ಸಾಲುತ್ತಿರಲಿಲ್ಲವೆಂದು ಬೈಕ್ ಓಡಿಸಿದವರು ಇಂದಿಗೂ ಹೇಳುತ್ತಾರೆ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಗೂ ಡ್ರಮ್ಮೇ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ಡಿ ರೋಡ್‌ಕಿಂಗ್‌ಗೂ ಡ್ರಮ್ಮೇ. ಇತ್ತ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರಲೇಬೇಕೆಂದು ಸರ್ಕಾರವೇ ಕಡ್ಡಾಯ ಮಾಡಿದೆ. ಅಂದರೆ ಹಳೆಯ ಬ್ರೇಕು ಇಂದಿನ ರಸ್ತೆಗೆ ಸಾಲದು ಎಂದು ಸರ್ಕಾರಕ್ಕೂ ಗೊತ್ತಿದೆ. ಹೀಗಿರುವಾಗ ಹಳೆಯ ಬೈಕಿಗೆ ಒಳ್ಳೆಯ ಡಿಸ್ಕ್ ಬ್ರೇಕು ಹಾಕಿಸಿದವನು ಪೊಲೀಸರನ್ನು ಕಂಡು ಯಾಕೆ ಹೆದರಬೇಕು?

ಸದ್ದು ಮಾಡುವವನನ್ನು ಹಿಡಿಯುವುದಕ್ಕೆ ಬೇರೆಯದೇ ಸೆಕ್ಷನ್ ಇದೆ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ ಹಾಕಬಹುದು, ಮೂರು ತಿಂಗಳವರೆಗೆ ಜೈಲು ಆಗಬಹುದು, ಲೈಸೆನ್ಸೂ ಮೂರು ತಿಂಗಳು ಅಮಾನತಾಗುತ್ತದೆ. ಶಬ್ದ ಅಳೆಯುವ ಮೀಟರ್ ಹಿಡಿದು ಈ ಸೆಕ್ಷನ್ನನ್ನು ಒಂದು ವರ್ಷ ಬಿಗಿಯಾಗಿ ಜಾರಿ ಮಾಡಲಿ, ಬೀದಿಗಳು ತಣ್ಣಗಾಗುತ್ತವೆ. ಕಟ್ಟಿದ ಬೈಕುಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಕಾಗಿಲ್ಲ.

ನಿಜವಾದ ಅಪಾಯ ಇರುವುದು ಕಿವಿಗೆ ಕೇಳದ ಕಡೆ. ಬೇರೆ ಬೈಕಿನ ಫೋರ್ಕು ಕೂರಿಸಬೇಕಾದರೆ ಅದರ ಸ್ಟೆಮ್ಮನ್ನು ಹಳೆಯ ಚಾಸಿಗೆ ಒಪ್ಪುವಂತೆ ಲೇತ್‌ನಲ್ಲಿ ಕಡೆಯಬೇಕು, ಬೇರಿಂಗ್ ಅಳತೆ ಸರಿಹೊಂದಿಸಬೇಕು. ಹೊಸ ಫೋರ್ಕು ಹಳೆಯದಕ್ಕಿಂತ ಗಿಡ್ಡವಾದರೆ ಬೈಕಿನ ಮೂತಿ ತಗ್ಗುತ್ತದೆ. ಆಗ ಹ್ಯಾಂಡಲ್ ಬೇಗ ತಿರುಗುತ್ತದೆ, ವೇಗದಲ್ಲಿ ಅಲುಗಾಡಲೂಬಹುದು. ಹಿಂಭಾಗ ಮೋಟು ಮಾಡಲು ಸೀಟಿನ ಕೆಳಗಿನ ಪೈಪ್ ಕತ್ತರಿಸಿದರೆ ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಬಲವೂ ಕುಗ್ಗಬಹುದು. ನುರಿತ ಮೇಸ್ತ್ರಿಗೆ ಇದೆಲ್ಲ ಗೊತ್ತು, ಅರೆಬರೆ ಕಲಿತವನಿಗೆ ಗೊತ್ತಿಲ್ಲ. ಇವರಿಬ್ಬರನ್ನು ಬೇರ್ಪಡಿಸಿ ನೋಡುವ ಏರ್ಪಾಡು ನಮ್ಮಲ್ಲಿಲ್ಲ. ಕೆಟ್ಟ ವೆಲ್ಡಿಂಗ್ ಸದ್ದು ಮಾಡುವುದಿಲ್ಲ, ಆದ್ದರಿಂದ ಪೊಲೀಸರ ಕೈಗೆ ಸಿಗುವುದೂ ಇಲ್ಲ. ಹದಿನೈದು ವರ್ಷ ದಾಟಿದ ಬೈಕಿನ ಆರ್‌ಸಿ ನವೀಕರಣಕ್ಕೆ ಹೋಗುವಾಗ ಹಳೆಯ ಭಾಗಗಳನ್ನು ಜೋಡಿಸಿ ತೋರಿಸಿ, ಮನೆಗೆ ಬಂದು ಮತ್ತೆ ಬಿಚ್ಚುವವರಿದ್ದಾರೆ. ಕಟ್ಟುವುದನ್ನು ಕಾನೂನು ನಿಲ್ಲಿಸಿಲ್ಲ, ಅದು ನಿಲ್ಲಿಸಿರುವುದು ತಪಾಸಣೆಯನ್ನು.

ಜರ್ಮನಿಯಲ್ಲಿ ಹೀಗಿಲ್ಲ. ನಮಗಿಂತ ಶಿಸ್ತು ಬಿಗಿಯಾಗಿರುವ ಆ ದೇಶದಲ್ಲಿ ಬೈಕಿಗೆ ಹಾಕುವ ಭಾಗಕ್ಕೆ ಅನುಮೋದನೆಯ ಪತ್ರವಿರಬೇಕು. ಇಲ್ಲವಾದರೆ ಟಿಯುವಿಯಂಥ ಸಂಸ್ಥೆಯ ಎಂಜಿನಿಯರ್ ಆ ಬೈಕನ್ನೇ ಪರೀಕ್ಷಿಸಿ ಒಪ್ಪಬೇಕು. ಒಪ್ಪಿದ ಬದಲಾವಣೆ ವಾಹನದ ದಾಖಲೆಗೆ ಸೇರುತ್ತದೆ. ಅಲ್ಲಿ ಸ್ಟ್ರೀಟ್‌ಫೈಟರ್ ಕಟ್ಟುವವನು ಕತ್ತಲಲ್ಲಿ ಅಡಗುವುದಿಲ್ಲ, ಫೈಲು ಹಿಡಿದು ಹಗಲಲ್ಲೇ ತಪಾಸಣಾ ಕೇಂದ್ರಕ್ಕೆ ಹೋಗುತ್ತಾನೆ.

ನಮ್ಮ ಆರ್‌ಟಿಒ ಕಚೇರಿಗಳಿಗೆ ಅಂಥ ಸಾಮರ್ಥ್ಯ ಎಲ್ಲಿದೆ, ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಳ್ಳರು ಚಾಸಿ ನಂಬರ್ ತಿದ್ದುತ್ತಾರೆ ಎನ್ನುವವರೂ ಇದ್ದಾರೆ. ಈ ಆತಂಕಗಳು ನಿಜ, ಆದರೆ ಅವು ನಿಷೇಧದಿಂದ ಬಗೆಹರಿದಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಅನುಮೋದಿತ ಎಲೆಕ್ಟ್ರಿಕ್ ಕಿಟ್ ಹಾಕಿಸಲು, ಸಿಎನ್‌ಜಿಗೆ ಬದಲಾಗಲು, ಅಂಗವಿಕಲರಿಗೆ ಬೇಕಾದಂತೆ ವಾಹನವನ್ನು ಹೊಂದಿಸಲು ಇದೇ ಕಾಯ್ದೆ ದಾರಿ ಕೊಟ್ಟಿದೆ. ವಾಹನದ ಹೃದಯವನ್ನೇ ಬದಲಿಸುವುದನ್ನು ಪರೀಕ್ಷಿಸಬಲ್ಲ ಸರ್ಕಾರ ಬ್ರೇಕನ್ನೂ ಫೋರ್ಕನ್ನೂ ಪರೀಕ್ಷಿಸಲಾರದೇ?

ಕಟ್ಟಿದ ಬೈಕುಗಳಿಗೆ ಅಂಥ ದಾರಿ ಹೇಗಿರಬೇಕು ಎಂಬುದೂ ಕಷ್ಟದ ವಿಷಯವಲ್ಲ. ಚಾಸಿಯ ಮುಖ್ಯ ಭಾಗವನ್ನು, ಅದರ ನಂಬರನ್ನು ಯಾರೂ ಮುಟ್ಟಬಾರದು. ಫೋರ್ಕು, ಬ್ರೇಕು, ಸ್ವಿಂಗ್‌ಆರ್ಮ್, ಚಕ್ರ ಬದಲಿಸಿದರೆ ಅರ್ಹ ಎಂಜಿನಿಯರ್ ಸಹಿ ಮಾಡಿದ ವರದಿ ಬೇಕು, ಕೆಲಸ ಮಾಡಿದ ಗ್ಯಾರೇಜಿನ ಹೆಸರೂ ಅದರಲ್ಲಿರಬೇಕು. ಇಂಡಿಕೇಟರ್, ಕನ್ನಡಿ, ಮಡ್‌ಗಾರ್ಡ್, ಓದಲು ಬರುವ ನಂಬರ್ ಪ್ಲೇಟ್ ಇಲ್ಲದ ಬೈಕನ್ನು ವಾಪಸ್ ಕಳಿಸಬೇಕು. ಶಬ್ದದಲ್ಲಿ ರಿಯಾಯಿತಿ ಬೇಡವೇ ಬೇಡ. ಇಷ್ಟರಲ್ಲೂ ಗೆದ್ದ ಬೈಕಿನ ಬದಲಾವಣೆಗಳನ್ನು ಫೋಟೊ ಸಮೇತ ಆರ್‌ಸಿಗೆ ಸೇರಿಸಿ ವಿಮಾ ಕಂಪನಿಗೂ ತಿಳಿಸಬೇಕು. ಖರ್ಚನ್ನು ಮಾಲೀಕನೇ ಭರಿಸಲಿ. ಲೇತ್ ನಡೆಸುವವರು, ವೆಲ್ಡರ್‌ಗಳು, ಸೀಟು ಹೊಲಿಯುವವರು, ಪೇಂಟ್ ಹೊಡೆಯುವವರು ಆಗ ಕದ್ದು ಮಾಡುವ ಕೆಲಸ ಬಿಟ್ಟು ತಲೆಯೆತ್ತಿ ದುಡಿಯುತ್ತಾರೆ.

ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಮಾರ್ಪಾಡಿನ ಮಾನದಂಡಗಳನ್ನೂ ಅನುಮೋದನೆಯ ಷರತ್ತುಗಳನ್ನೂ ಕೇಂದ್ರ ಸರ್ಕಾರ ನಿಗದಿಪಡಿಸಬೇಕು ಎಂಬ ಮಾತು 2019ರ ತಿದ್ದುಪಡಿಯಿಂದ 52ನೇ ಸೆಕ್ಷನ್ನಿನಲ್ಲೇ ಸೇರಿದೆ. ಕೇಂದ್ರ ಸಾರಿಗೆ ಸಚಿವಾಲಯ ಅದರಡಿ ದ್ವಿಚಕ್ರ ವಾಹನಗಳಿಗೂ ನಿಯಮ ಬರೆಯಲಿ. ಕರ್ನಾಟಕದ ಸಾರಿಗೆ ಇಲಾಖೆ ಆ ನಿಯಮಕ್ಕಾಗಿ ದೆಹಲಿಯ ಮೇಲೆ ಒತ್ತಡ ಹೇರಲಿ. ಅಲ್ಲಿಯವರೆಗೆ ನಮ್ಮ ಪೊಲೀಸರು ಸದ್ದು ಮಾಡಿದವನಿಗೆ ಸದ್ದಿನ ಸೆಕ್ಷನ್ನನ್ನೇ ಹಾಕಲಿ, ಒಳ್ಳೆಯ ಬ್ರೇಕು ಹಾಕಿಸಿಕೊಂಡವನನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸದಿರಲಿ.